ಬಿಸುಟ ವಸ್ತುವಿನ ಋಣ

ಒಂದು ವಸ್ತುವನ್ನು ಹಣ ಕೊಟ್ಟು ಮನೆಗೆ ತಂದು, ಬೇಕಾದಷ್ಟು ಕಾಲ ಅದನ್ನು ಅನುಭವಿಸಿ, ಇನ್ನು ಅದರಿಂದ ಪ್ರಯೋಜನವಿಲ್ಲವೆಂದು ತೋರಿದ ದಿನ ಹೊರಕ್ಕೆ ಬಿಸುಟೆವಾದರೆ, ಆ ವಸ್ತುವಿಗೂ ನಮಗೂ ಇದ್ದ ಸಂಬಂಧ ಅಲ್ಲಿಗೆ ಮುಗಿಯಿತೆ, ಅಥವಾ ಆ ಸಂಬಂಧದೊಳಗಿನ ಸ್ವಾಮ್ಯವೆಂಬ ಅಂಶ ಮಾತ್ರ ಕಳಚಿಹೋಗಿ ಹೊಣೆಯೆಂಬ ಅಂಶ ಹಾಗೆಯೇ ಉಳಿದುಕೊಂಡಿತೆ ಎಂಬ ಪ್ರಶ್ನೆ, ಮೇಲುನೋಟಕ್ಕೆ ಪುರಸಭೆಯ ಕಚೇರಿಯಲ್ಲಿ ಇತ್ಯರ್ಥವಾಗತಕ್ಕದ್ದೆಂದು ಕಾಣುತ್ತದೆ. ನಮ್ಮ ಹಿರಿಯರಾದರೋ ಇದನ್ನು ಕಚೇರಿಗೆ ಬಿಟ್ಟವರಲ್ಲ. ಯಜ್ಞದ ಕೊನೆಯಲ್ಲಿ ಉಳಿದ ದರ್ಭೆಯ ಕಟ್ಟು ಎಲ್ಲಿಗೆ ಹೋಗಬೇಕೆಂಬುದರಿಂದ ಹಿಡಿದು, ಹರಿದ ದೇವರ ಪಟವನ್ನು ಏನು ಮಾಡಬೇಕೆಂಬುದರವರೆಗೆ ಅವರು ಅದನ್ನು ಧರ್ಮದ ಪ್ರಶ್ನೆಯೆಂದೇ ಎಣಿಸಿದರು. ಹಾಗೆ ಎಣಿಸಿದ್ದು ಸರಿಯೆಂದೂ, ಇಂದು ನಮ್ಮ ಮನೆಗಳಿಂದ ಹೊರಬೀಳುವ ವಿಷವಸ್ತುಗಳ ವಿಷಯದಲ್ಲಿ ಆ ಎಣಿಕೆಯನ್ನು ನಾವು ಕೈಬಿಟ್ಟಿರುವುದು ತಪ್ಪೆಂದೂ ನಾನು ನಂಬಿದ್ದೇನೆ.

ನಮ್ಮ ಉಡುಪಿ ಜಿಲ್ಲೆಯ ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ಯಾವ ಮನೆಯಲ್ಲಾದರೂ ಕನ್ನಡಿಯ ಕೆಳಗಿನ ಹಲಗೆಯನ್ನು ನೋಡಿದರೆ, ಹೆಣ್ಣುಮಕ್ಕಳು ಇಂದಿಗೂ ಕ್ಯೂಟೆಕ್ಸ್ ಎಂದೇ ಕರೆಯುವ ಉಗುರುಬಣ್ಣದ ಎರಡು ಮೂರು ಕುಪ್ಪಿಗಳು ಸಿಕ್ಕುತ್ತವೆ. ಯಾವುದೋ ಮದುವೆಗೆಂದು, ಸೀರೆಯ ಬಣ್ಣಕ್ಕೆ ಹೊಂದಲೆಂದು ತಂದದ್ದು. ಎರಡು ಸಲ ಹಚ್ಚಿ ಇಟ್ಟದ್ದು. ಬಾಯಿಯ ಸುತ್ತ ಬಣ್ಣ ಹೆಪ್ಪುಗಟ್ಟಿ ಮುಚ್ಚಳ ಕಚ್ಚಿಕೊಂಡಿರುತ್ತದೆ. ಒಳಗಿನ ದ್ರವ ಮಂದವಾಗಿ ಗೋಡೆಗೆ ಅಂಟಿಕೊಂಡಿರುತ್ತದೆ. ಕುಲುಕಿದರೆ, ಬಣ್ಣವನ್ನು ಕಲಸಲೆಂದು ಕಾರ್ಖಾನೆಯವರು ಹಾಕಿದ ಪುಟ್ಟ ಉಕ್ಕಿನ ಗುಂಡು ಕೂಡ ಕದಲುವುದಿಲ್ಲ. ಇನ್ನು ಅದರ ಸಂಗಾತಿಗಳೋ, ಒಂದೊಂದು ಮೂಲೆಯಲ್ಲಿ ಒಂದೊಂದು: ಅವಧಿ ಮೀರಿದ ಮಾತ್ರೆಗಳು, ಬಾಗಿಲ ಸಂದಿಯಲ್ಲಿ ಒರಗಿಸಿಟ್ಟ ಸುಟ್ಟ ಟ್ಯೂಬ್‌ಲೈಟು, ಪಾದರಸದ ಜ್ವರಮಾಪಕ, ಅಜ್ಜನ ಇನ್ಸುಲಿನ್ ಸೂಜಿಗಳು, ಗೋಡೆಗೆ ಬಳಿದು ಉಳಿದ ಬಣ್ಣದ ಡಬ್ಬ, ತೋಟದ ಕಳೆನಾಶಕದ ಬಾಟಲಿ, ಗಡಿಯಾರದ ಸೆಲ್ಲು. ಇವೆಲ್ಲ ಒಂದಲ್ಲ ಒಂದು ದಿನ ಮನೆಯನ್ನು ಬಿಟ್ಟು ಹೋಗಲೇಬೇಕಾದವು. ಎಲ್ಲಿಗೆ ಎಂಬುದೇ ಪ್ರಶ್ನೆ.

ನಮ್ಮ ಹಳೆಯ ಮನೆಗಳಿಂದ ವಸ್ತುಗಳು ಹೊರಹೋಗುವುದಕ್ಕೆ ಮೂರು ದಾರಿಗಳಿದ್ದವು: ಹಟ್ಟಿಯ ಬಳಿಯ ಗೊಬ್ಬರಗುಂಡಿ, ಬಚ್ಚಲೊಲೆ, ಹೊಳೆ. ಬಾಳೆಲೆ, ಹಾಳೆ, ತರಕಾರಿಯ ಸಿಪ್ಪೆ ಗುಂಡಿಗೆ ಹೋಗಿ ಮಳೆಗಾಲ ಕಳೆಯುವಷ್ಟರಲ್ಲಿ ಗೊಬ್ಬರವಾಗುತ್ತಿದ್ದವು; ಮಡಲು, ಗೆರಟೆ, ತೆಂಗಿನ ಸಿಪ್ಪೆ ಒಲೆಗೆ ಹೋಗಿ ಹಂಡೆಯ ನೀರನ್ನು ಕಾಯಿಸಿ, ಬೂದಿಯಾಗಿ ಬಸಳೆಯ ಬುಡವನ್ನು ಸೇರುತ್ತಿದ್ದವು; ದೇವರಿಗೆ ಏರಿಸಿದ ಹೂವು, ಚೌತಿಯ ಮಣ್ಣಿನ ಗಣಪತಿ ನೀರಿಗೆ ಹೋಗಿ, ಮಣ್ಣು ಮಣ್ಣಿಗೆ ಮರಳುತ್ತಿತ್ತು. ಉಗುರಿಗೆ ಬಣ್ಣ ಬೇಕೆಂದರೆ ಮದರಂಗಿಯ ಎಲೆಯಿತ್ತು. ಅರೆದು ಹಚ್ಚಿ ಉಳಿದದ್ದನ್ನು ಅದೇ ಗಿಡದ ಬುಡಕ್ಕೆ ಚೆಲ್ಲಿದರೆ ಗಿಡಕ್ಕೆ ಕೇಡಿರಲಿಲ್ಲ. ಅಂದಿನವರು ಚಿಂತೆಯಿಲ್ಲದೆ ಎಸೆಯುತ್ತಿದ್ದರೆಂದರೆ, ಎಸೆದದ್ದನ್ನು ಸ್ವೀಕರಿಸತಕ್ಕ ಶಕ್ತಿ ಮಣ್ಣಿಗೂ ಬೆಂಕಿಗೂ ನೀರಿಗೂ ಇದ್ದೇ ಇತ್ತು. ಅವರ ನಿಶ್ಚಿಂತೆ ಅಲಕ್ಷ್ಯವಾಗಿರಲಿಲ್ಲ. ಪಂಚಭೂತಗಳ ಮೇಲಿನ ನ್ಯಾಯವಾದ ವಿಶ್ವಾಸವಾಗಿತ್ತು. ನಾವು ಉಳಿಸಿಕೊಂಡಿರುವುದು ಆ ನಿಶ್ಚಿಂತೆಯನ್ನು ಮಾತ್ರ. ವಸ್ತುಗಳು ಬದಲಾಗಿವೆ, ಕೈಯ ಅಭ್ಯಾಸ ಬದಲಾಗಿಲ್ಲ.

ಆ ಕುಪ್ಪಿಯೊಳಗೆ ಏನಿದೆಯೆಂಬುದನ್ನು ಸ್ವಲ್ಪ ತಿಳಿಯಬೇಕು. ಉಗುರಿನ ಮೇಲೆ ಹೊಳಪಿನ ಪೊರೆಯಾಗಿ ನಿಲ್ಲುವ ಪದಾರ್ಥ ನೈಟ್ರೋಸೆಲ್ಯುಲೋಸ್. ಹಿಂದೆ ಸಿನಿಮಾದ ಫಿಲ್ಮುಗಳಿಗೂ ಬಂದೂಕಿನ ಹೊಗೆಯಿಲ್ಲದ ಮದ್ದಿಗೂ ಬಳಸಿದ್ದು ಇದೇ ವರ್ಗದ ವಸ್ತುವನ್ನು. ಅದನ್ನು ಕರಗಿಸಿರುವ ಈಥೈಲ್ ಅಸಿಟೇಟ್, ಬ್ಯುಟೈಲ್ ಅಸಿಟೇಟ್ ಎಂಬ ದ್ರವಗಳಲ್ಲಿ ಮೊದಲನೆಯದರ ಆವಿ ಸೊನ್ನೆ ಡಿಗ್ರಿಗಿಂತ ಕೆಳಗಿನ ಉಷ್ಣತೆಯಲ್ಲಿಯೂ ಕಿಡಿ ತಗುಲಿದರೆ ಹೊತ್ತಿಕೊಳ್ಳಬಲ್ಲುದು. ಬಣ್ಣವನ್ನು ಒರೆಸಿ ತೆಗೆಯುವ ಅಸಿಟೋನ್ ಇನ್ನೂ ಚುರುಕು. ಈ ಆವಿ ಗಾಳಿಗಿಂತ ಭಾರವಾದುದರಿಂದ ಮೇಲಕ್ಕೆ ಏರದೆ ನೆಲದ ಮೇಲೆಯೇ ಹರಿದು ಒಲೆಯ ಬಾಯನ್ನು ಹುಡುಕಿಕೊಂಡು ಹೋಗುತ್ತದೆ. ಹಳೆಯ ಕುಪ್ಪಿಗಳಲ್ಲಿ ಟಾಲ್ವೀನ್, ಥ್ಯಾಲೇಟ್ ಮೊದಲಾದವುಗಳೂ ಇರುವುದುಂಟು. ಹಾಲಿನ ಪ್ಯಾಕೆಟ್ಟು, ಔಷಧದ ಸ್ಟ್ರಿಪ್ಪು, ಬಣ್ಣದ ಕುಪ್ಪಿ ಎಲ್ಲವನ್ನೂ ಮಡಲಿನೊಡನೆ ಬಚ್ಚಲೊಲೆಗೆ ನೂಕುವ ಪದ್ಧತಿ ನಮ್ಮಲ್ಲಿ ಎಷ್ಟು ಸಹಜವಾಗಿದೆಯೆಂದರೆ, ಅದನ್ನು ಯಾರೂ ತಪ್ಪೆಂದು ಕಾಣುವುದಿಲ್ಲ. ಹೊಗೆಯನ್ನು ಉಸಿರಾಡುವವಳು ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕುಳಿತ ಮನೆಯಾಕೆ. ಸುಟ್ಟರೂ ಸಾಯದ ಲೋಹದ ಅಂಶ ಬೂದಿಯಲ್ಲಿ ಉಳಿದು, ಮಾರನೆಯ ಬೆಳಿಗ್ಗೆ ಬಸಳೆಯ ಬುಡಕ್ಕೆ ಹೋಗುತ್ತದೆ. ಆ ಬಸಳೆ ಮಧ್ಯಾಹ್ನದ ಪದಾರ್ಥಕ್ಕೆ ಬರುತ್ತದೆ.

ಹೊರಗೆ ಎಸೆಯುವುದೆಂದರೇನು ಎಂಬ ಪ್ರಶ್ನೆಗೆ ನಮ್ಮ ಸೀಮೆಯ ನೆಲವೇ ಕಠಿನವಾದ ಉತ್ತರವನ್ನು ಕೊಡುತ್ತದೆ. ಪೂರ್ವಕ್ಕೆ ಘಟ್ಟ, ಪಶ್ಚಿಮಕ್ಕೆ ಕಡಲು, ನಡುವೆ ಮುರಕಲ್ಲಿನ ದಿಬ್ಬ ಮತ್ತು ಮರಳಿನ ಪಟ್ಟಿ. ಇದರ ಮೇಲೆ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುತ್ತದೆ. ಮುರಕಲ್ಲು ರಂಧ್ರಮಯವಾದದ್ದು; ಮೇಲೆ ಬಿದ್ದುದನ್ನು ಕೆಳಕ್ಕೆ ಬಿಟ್ಟುಕೊಡುವುದು ಅದರ ಗುಣ. ಮನೆಗೊಂದು ಬಾವಿಯಿರುವ ಈ ನಾಡಿನಲ್ಲಿ ಹಿತ್ತಿಲ ಮೂಲೆಗೆ ಚೆಲ್ಲಿದ ದ್ರವಕ್ಕೂ ಬಾವಿಗೂ ಇರುವ ಅಂತರ ಎಷ್ಟೋ ಕಡೆ ಕೆಲವು ಮಾರುಗಳಷ್ಟೇ. ಹಾಡಿಯಲ್ಲಿ ಎಸೆದದ್ದು ಮೊದಲ ಮಳೆಗೆ ತೋಡಿಗೆ ಬರುತ್ತದೆ, ತೋಡಿನಿಂದ ಹೊಳೆಗೆ. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಎಂಬ ಐದು ನದಿಗಳು ಕುಂದಾಪುರ ಗಂಗೊಳ್ಳಿಗಳ ನಡುವೆ ಪಂಚಗಂಗಾವಳಿಯಾಗಿ ಕೂಡಿ ಕಡಲಿಗೆ ಬೀಳುವ ಸ್ಥಳದಲ್ಲಿ, ಅವು ಬಂದ ದಾರಿಯ ಊರುಗಳೆಲ್ಲ ಬಿಸುಟದ್ದೂ ಒಂದುಗೂಡುತ್ತದೆ. ಬ್ರಹ್ಮಾವರದ ಕಡೆ ಸೀತಾ, ಸ್ವರ್ಣಾ ನದಿಗಳು ಕೋಡಿಬೆಂಗ್ರೆಯ ಅಳಿವೆಯಲ್ಲಿ ಇದೇ ಕೆಲಸವನ್ನು ಮಾಡುತ್ತವೆ. ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿಗೆ ನದಿ, ಇನ್ನೊಂದು ಬದಿಗೆ ಕಡಲು. ಅಲ್ಲಿ ನಿಂತವನು ಕೈಯಲ್ಲಿರುವುದನ್ನು ಯಾವ ಕಡೆಗೆ ಎಸೆದರೂ ನೀರಿಗೇ ಎಸೆಯಬೇಕು. ಕೊಲ್ಲೂರಿನ ಸೌಪರ್ಣಿಕೆ ಅರುವತ್ತನಾಲ್ಕು ಬಗೆಯ ಔಷಧೀಯ ಮೂಲಿಕೆಗಳ ಸಾರವನ್ನು ಹೀರಿಕೊಂಡು ಹರಿಯುತ್ತಾಳೆಂಬ ನಂಬಿಕೆಯಿಂದ ಭಕ್ತರು ಅಲ್ಲಿ ಮೀಯುತ್ತಾರೆ. ನಾನು ಈ ನಂಬಿಕೆಯನ್ನು ಗೌರವಿಸುತ್ತೇನೆ. ಆದರೆ ಮೂಲಿಕೆಯ ಗುಣವನ್ನು ಹೀರಬಲ್ಲ ನೀರು ವಿಷದ ಗುಣವನ್ನೂ ಹೀರಬಲ್ಲುದೆಂಬುದನ್ನು ಆ ನಂಬಿಕೆಯೊಡನೆಯೇ ಒಪ್ಪಬೇಕಾಗುತ್ತದೆ.

ಶೌಚವೆಂಬುದು ನಮ್ಮ ಜನರಿಗೆ ಹೊಸದಾಗಿ ಕಲಿಸಬೇಕಾದ ಗುಣವಲ್ಲ. ಮುಂಜಾನೆ ಅಂಗಳ ಗುಡಿಸಿ, ಮಿಂದು, ಮಡಿಯುಟ್ಟು, ದೇವರ ಕೋಣೆಯ ಹೊಸಿಲಿಗೆ ರಂಗೋಲಿಯಿಟ್ಟು ದಿನವನ್ನು ಆರಂಭಿಸುವ ಮನೆಗಳು ಇವು. ನಾಗಬನದ ಬಳಿ ಮೈಲಿಗೆಯಾದರೆ ದೋಷ ತಟ್ಟುವುದೆಂದು ಮಕ್ಕಳಿಗೂ ಗೊತ್ತು. ಆದರೂ ಅದೇ ಬನದಿಂದ ಹತ್ತು ಹೆಜ್ಜೆ ಆಚೆಗೆ ಒಡೆದ ಬಲ್ಬು, ಬಣ್ಣದ ಡಬ್ಬ, ಕೀಟನಾಶಕದ ಬಾಟಲಿ ಬಿದ್ದಿರುವುದನ್ನು ನೋಡಿ ಯಾರಿಗೂ ಮೈಲಿಗೆ ಎನಿಸದೆ ಇರುವುದಕ್ಕೆ ಕಾರಣ, ನಮ್ಮ ಶೌಚಪ್ರಜ್ಞೆ ಗಡಿಯೊಳಗಿನದನ್ನು ಮಾತ್ರ ಕಾಯತೊಡಗಿರುವುದು. ಶಾಸ್ತ್ರದ ಅಭಿಪ್ರಾಯ ಇದಲ್ಲ. ಮನುಸ್ಮೃತಿಯ ನಾಲ್ಕನೆಯ ಅಧ್ಯಾಯ ನೀರಿನಲ್ಲಿ ಹಾಕಬಾರದವುಗಳನ್ನು ಎಣಿಸುವಾಗ ಮಲಮೂತ್ರ, ಉಗುಳು, ರಕ್ತಗಳೊಡನೆ ವಿಷವನ್ನೂ ಹೆಸರಿಸಿ ಹೇಳುತ್ತದೆ. ಆ ಗ್ರಂಥದ ಅನೇಕ ವಿಧಿಗಳನ್ನು ಇಂದು ನಾವು ಒಪ್ಪಲಾರೆವು, ಒಪ್ಪಲೂ ಕೂಡದು. ಇದನ್ನು ಮಾತ್ರ ಒಪ್ಪದಿರುವುದಕ್ಕೆ ಕಾರಣ ಕಾಣದು. ನಿಂತ ನೀರನ್ನು ಮಲಿನಗೊಳಿಸಬಾರದೆಂದು ಇಸ್ಲಾಮಿನ ಪ್ರವಾದಿಯವರ ವಚನಗಳಲ್ಲಿಯೂ ನಿಷೇಧವಿದೆ. ಕಡಲಿನ ಜನರಿಗೆ ಇದನ್ನು ವಿಸ್ತರಿಸಿ ಹೇಳಬೇಕಾದದ್ದಿಲ್ಲ.

ಗಡಿಯಾಚೆಗೆ ಸರಿಸಿದ ಮೈಲಿಗೆ ಎಲ್ಲಿ ಹೋಯಿತೆಂಬುದನ್ನು ಕಾಣಬೇಕಾದರೆ ತ್ಯಾಜ್ಯವನ್ನು ವಿಂಗಡಿಸುವ ಶೆಡ್ಡಿಗೆ ಹೋಗಬೇಕು. ಉಡುಪಿ ಜಿಲ್ಲೆಯ ಹಲವು ಗ್ರಾಮ ಪಂಚಾಯತಿಗಳು ಎಸ್‌ಎಲ್‌ಆರ್‌ಎಂ (ಘನ ಮತ್ತು ದ್ರವ ಸಂಪನ್ಮೂಲ ನಿರ್ವಹಣೆ) ಎಂಬ ಹೆಸರಿನಲ್ಲಿ ಇಂಥ ಘಟಕಗಳನ್ನು ನಡೆಸುತ್ತಿವೆ; ಕುಂದಾಪುರ ತಾಲೂಕಿನ ವಂಡ್ಸೆಯದು ಇವುಗಳಲ್ಲಿ ಹೆಸರಾದದ್ದು. ಅಲ್ಲಿ ಕೆಲಸ ಮಾಡುವವರು ಬಹುಮಟ್ಟಿಗೆ ಹೆಂಗಸರು. ಮೇಜಿನ ಮೇಲೆ ಸುರಿದ ರಾಶಿಯನ್ನು ಅವರು ಕೈಯಿಂದಲೇ ಬೇರ್ಪಡಿಸುತ್ತಾರೆ: ಹಾಲಿನ ತೊಟ್ಟೆ ಒಂದು ಕಡೆ, ಪುಟ್ಟ ಬಾಟಲಿ ಇನ್ನೊಂದು ಕಡೆ, ರಟ್ಟು ಮತ್ತೊಂದು ಕಡೆ. ಆ ರಾಶಿಯೊಳಗೆ ನಮ್ಮ ಅಜ್ಜನ ಸೂಜಿಯಿರುತ್ತದೆ, ಒಡೆದ ಟ್ಯೂಬಿನ ಚೂರಿರುತ್ತದೆ, ಮುಚ್ಚಳ ಸಡಿಲವಾದ ಉಗುರುಬಣ್ಣದ ಕುಪ್ಪಿಯಿರುತ್ತದೆ. ಗ್ಲೌಸು ಒಂದೇ ದಿನದಲ್ಲಿ ಹರಿಯುತ್ತದೆ. ಮನೆಬಾಗಿಲಿಗೆ ಗಾಡಿ ತಂದವಳು, “ಅಮ್ಮ, ಗಾಜಿನದ್ ಬೇರೆ ಕೊಡಿ, ಕೈ ಕೊಯ್ತತ್ತ್” ಎಂದು ಹೇಳುವಾಗ, ಆಕೆ ಕೇಳುತ್ತಿರುವುದು ಉಪಕಾರವನ್ನಲ್ಲ. ನನ್ನ ಮನೆಯ ಶುದ್ಧಿ ಇನ್ನೊಬ್ಬಳ ಅಂಗೈಯ ಗಾಯದಿಂದ ಸಿದ್ಧಿಸುವುದಾದರೆ, ಆ ಶುದ್ಧಿಗೆ ಶೌಚವೆಂಬ ಹೆಸರು ಸಲ್ಲದು. ಅದು ಅಶುದ್ಧಿಯ ವರ್ಗಾವಣೆ ಮಾತ್ರ. ಇದನ್ನು ಎಷ್ಟು ಕಟುವಾಗಿ ಹೇಳಿದರೂ ಸಾಲದೆಂದು ನನಗೆ ತೋರುತ್ತದೆ. ಯಾಕೆಂದರೆ ಒಂದು ಜನವರ್ಗದ ಮೇಲೆ ಇನ್ನೊಂದು ಜನವರ್ಗ ತನ್ನ ಹೊಲಸನ್ನು ಹೊರಿಸಿ, ಹೊತ್ತವರನ್ನೇ ಅಶುದ್ಧರೆಂದು ಕರೆದ ಇತಿಹಾಸ ನಮ್ಮ ದೇಶದಲ್ಲಿ ಹಳೆಯದು, ಇನ್ನೂ ಮುಗಿಯದ್ದು.

ಎಸೆದದ್ದನ್ನು ತ್ಯಾಗವೆಂದು ಭ್ರಮಿಸುವುದೂ ಉಂಟು. ನನಗೆ ಬೇಡವೆಂದು ಬಿಟ್ಟೆ, ಎಳ್ಳುನೀರು ಬಿಟ್ಟೆ, ಇನ್ನು ಅದು ನನ್ನದಲ್ಲ ಎಂಬ ಮಾತಿನಲ್ಲಿ ವೈರಾಗ್ಯದ ಧ್ವನಿಯಿದೆ. ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯ ತ್ಯಾಗವನ್ನು ಮೂರು ಬಗೆಯಾಗಿ ವಿಂಗಡಿಸುವಾಗ, ಮಾಡಲೇಬೇಕಾದ ಕರ್ಮವನ್ನು ಮೋಹದಿಂದ ಬಿಟ್ಟುಬಿಡುವುದನ್ನು ತಾಮಸವೆಂದು ಕರೆಯುತ್ತದೆ. ದೇಹಕ್ಕೆ ಕ್ಲೇಶವಾದೀತೆಂಬ ಭಯದಿಂದ ಬಿಡುವುದನ್ನು ರಾಜಸವೆನ್ನುತ್ತದೆ. ಕುಪ್ಪಿಯನ್ನು ಹಾಡಿಗೆ ಎಸೆಯುವವನಲ್ಲಿ ಈ ಎರಡೂ ಕೂಡಿವೆ. ವಸ್ತುವಿನ ಮೇಲಿನ ಮಮಕಾರ ಹೋಗಿದೆ, ನಿಜ; ಆದರೆ ಆ ವಸ್ತುವನ್ನು ಲೋಕದೊಳಕ್ಕೆ ತಂದ ಕರ್ತೃತ್ವ ಹೋಗಿಲ್ಲ. ದಾನಕ್ಕಾದರೂ ಪ್ರತಿಗ್ರಹ ಮಾಡುವವನೊಬ್ಬನಿರಬೇಕು, ಅವನು ಒಪ್ಪಿ ಕೈಯೊಡ್ಡಬೇಕು. ಒಪ್ಪಿದವರಿಲ್ಲದೆ ಕೊಟ್ಟದ್ದು ದಾನವಾಗದು. ಹೊಳೆ ಒಪ್ಪಿತೆ? ಹೊಳೆಯಲ್ಲಿ ಕಪ್ಪೆಚಿಪ್ಪು ಹೆಕ್ಕಿ ಜೀವಿಸುವವರು ಒಪ್ಪಿದರೆ?

ಈ ವಿಷಯದಲ್ಲಿ ನನ್ನ ಬುದ್ಧಿಗೆ ಅತ್ಯಂತ ಬೆಳಕು ಕೊಟ್ಟದ್ದು, ಯಾರೂ ನಿರೀಕ್ಷಿಸದ ಸ್ಥಳವಾದ ಪೂರ್ವಮೀಮಾಂಸೆ. ಯಜ್ಞದಲ್ಲಿ ಒಂದು ದ್ರವ್ಯವನ್ನು ಬಳಸಿಯಾದ ಮೇಲೆ ಉಳಿದದ್ದನ್ನು ಏನು ಮಾಡಬೇಕೆಂಬ ಪ್ರಶ್ನೆಯನ್ನು ಆ ಶಾಸ್ತ್ರಜ್ಞರು ಕಸದ ಪ್ರಶ್ನೆಯೆಂದು ತಳ್ಳಿಹಾಕಲಿಲ್ಲ. ಉಪಯೋಗಿಸಿ ಮುಗಿದ ದ್ರವ್ಯವನ್ನು ಅದಕ್ಕೆ ತಕ್ಕ ಸ್ಥಳದಲ್ಲಿ, ತಕ್ಕ ಕ್ರಮದಲ್ಲಿ ಸೇರಿಸುವ ಕ್ರಿಯೆಯನ್ನು ಪ್ರತಿಪತ್ತಿಕರ್ಮವೆಂದು ಕರೆದು, ಜೈಮಿನಿಸೂತ್ರದ ನಾಲ್ಕನೆಯ ಅಧ್ಯಾಯದಲ್ಲಿ ಅದರ ಸ್ವರೂಪವನ್ನು ವಿಚಾರಮಾಡಿದರು. ದೀಕ್ಷೆ ವಹಿಸಿದ ಯಜಮಾನ ಮೈ ತುರಿಸಿಕೊಳ್ಳುವುದಕ್ಕೆ ಕೃಷ್ಣಮೃಗದ ಕೊಂಬೊಂದನ್ನು ಇಟ್ಟುಕೊಂಡಿರುತ್ತಾನೆ. ಎಷ್ಟು ಅಲ್ಪವಾದ ವಸ್ತು! ದಕ್ಷಿಣೆ ಕೊಟ್ಟಾದ ಮೇಲೆ ಅದರ ಕೆಲಸ ಮುಗಿಯಿತು. ಆದರೂ ಅದನ್ನು ಮನಸ್ಸು ಬಂದಲ್ಲಿ ಎಸೆಯುವಂತಿಲ್ಲ. ಚಾತ್ವಾಲವೆಂಬ ಗುಂಡಿಯಲ್ಲಿಯೇ ಹಾಕಬೇಕು. ಹಾಗೆಯೇ ಪ್ರಸ್ತರವೆಂಬ ದರ್ಭೆಯ ಕಟ್ಟು ಅಗ್ನಿಗೆ ಹೋಗಬೇಕು. ಸೋಮರಸ ತಗುಲಿದ ಪಾತ್ರೆಗಳು ಅವಭೃಥವೆಂಬ ಕೊನೆಯ ಸ್ನಾನದಲ್ಲಿ ನೀರಿಗೆ ಹೋಗಬೇಕು. ಬಳಕೆಗೆ ಎಂಥ ವಿಧಿಯೋ ಬಳಕೆಯ ಅಂತ್ಯಕ್ಕೂ ಅಂಥದೇ ವಿಧಿ. ಇದರ ತಾತ್ಪರ್ಯವನ್ನು ನಾನು ಗ್ರಹಿಸುವುದು ಹೀಗೆ: ವಸ್ತುವನ್ನು ಕೈಗೆತ್ತಿಕೊಂಡಲ್ಲಿಂದ ಆರಂಭವಾದ ಕರ್ಮ, ಅದು ತನ್ನ ತಕ್ಕ ನೆಲೆಯನ್ನು ಸೇರುವವರೆಗೆ ಒಂದೇ ಕರ್ಮ; ನಡುವೆ ಎಲ್ಲಿ ಬಿಟ್ಟರೂ ಅದು ಅಂಗಹೀನವಾದ ಕರ್ಮ. ಮದುವೆಯ ದಿನ ಉಗುರಿಗೆ ಬಣ್ಣ ಹಚ್ಚಿದ ಸಂತೋಷವೂ ಆ ಕುಪ್ಪಿ ಸರಿಯಾದ ನೆಲೆಯನ್ನು ಮುಟ್ಟುವ ದಿನಕ್ಕೆ ಪೂರ್ಣವಾಗುವುದು. ನಮ್ಮ ಜನ ಇದರ ಒಂದು ಅಂಶವನ್ನು ಇಂದಿಗೂ ಬಲ್ಲರು: ಒಡೆದ ಗಾಜಿನ ದೇವರ ಪಟವನ್ನು ಕಸದ ಬುಟ್ಟಿಗೆ ಹಾಕಲು ಯಾರಿಗೂ ಕೈ ಬರುವುದಿಲ್ಲ, ಅಶ್ವತ್ಥಕಟ್ಟೆಯ ಬುಡದಲ್ಲಿ ಒರಗಿಸಿ, ನಮಸ್ಕರಿಸಿ ಬರುತ್ತಾರೆ. ಪೂಜ್ಯವಾದುದಕ್ಕೆ ಅಂತ್ಯವಿಧಿ ಬೇಕೆಂದು ತಿಳಿದವರು, ಅಪಾಯಕಾರಿಯಾದುದಕ್ಕೆ ಅದಕ್ಕಿಂತ ಹೆಚ್ಚಾಗಿ ಬೇಕೆಂಬುದನ್ನು ತಿಳಿಯುವುದು ಕಷ್ಟವಾಗಬಾರದು.

ಬಾರ್ಕೂರಿನ ಕತ್ತಲೆ ಬಸದಿಯ ಕಂಬಗಳ ನಡುವೆ ನಡೆದವರಿಗೆ ಈ ಸೀಮೆಯಲ್ಲಿ ಜೈನಧರ್ಮ ಎಷ್ಟು ಆಳವಾಗಿ ಬೇರುಬಿಟ್ಟಿತ್ತೆಂಬುದನ್ನು ಹೇಳಬೇಕಾಗಿಲ್ಲ. ಆ ಧರ್ಮದ ಮುನಿಗಳಿಗೆ ವಿಧಿಸಿದ ಐದು ಸಮಿತಿಗಳಲ್ಲಿ ನಡೆಯುವ ಎಚ್ಚರ, ನುಡಿಯುವ ಎಚ್ಚರ, ಆಹಾರದ ಎಚ್ಚರ, ವಸ್ತುಗಳನ್ನು ಎತ್ತಿಡುವ ಎಚ್ಚರಗಳ ಜೊತೆಗೆ ಐದನೆಯದಾಗಿ ಉತ್ಸರ್ಗ ಸಮಿತಿಯಿದೆ: ಬಿಡಬೇಕಾದದ್ದನ್ನು ಜೀವಜಂತುಗಳಿಲ್ಲದ ನೆಲವನ್ನು ನೋಡಿ, ಯಾವ ಜೀವಿಗೂ ನೋವಾಗದಂತೆ ಬಿಡುವುದು. ದೇಹದ ಮಲದ ವಿಷಯದಲ್ಲಿಯೇ ಇಷ್ಟು ಎಚ್ಚರವನ್ನು ವ್ರತವಾಗಿ ಇಟ್ಟವರು, ಪಾದರಸದ ವಿಷಯದಲ್ಲಿ ಏನನ್ನು ವಿಧಿಸುತ್ತಿದ್ದರೋ ಊಹಿಸಬಹುದು. ಬುದ್ಧನೂ ಕಸಿಭಾರದ್ವಾಜನೆಂಬ ಕೃಷಿಕ ಬ್ರಾಹ್ಮಣನು ತಂದ ಪಾಯಸವನ್ನು ಸ್ವೀಕರಿಸದೆ, ಅದನ್ನು ಹಸುರು ಹುಲ್ಲಿಲ್ಲದ ಕಡೆ ಅಥವಾ ಜೀವಿಗಳಿಲ್ಲದ ನೀರಿನಲ್ಲಿ ಹಾಕೆಂದು ಹೇಳಿದನೆಂದು ಸುತ್ತನಿಪಾತದಲ್ಲಿದೆ. ಪಾಯಸಕ್ಕೂ ಸ್ಥಳ ನೋಡಬೇಕಾಯಿತು.

ಕಡಲು ದೊಡ್ಡದು, ಕುಪ್ಪಿ ಚಿಕ್ಕದು, ಇಷ್ಟರಿಂದ ಏನಾದೀತು ಎನ್ನುವವರಿಗೆ ಮಹಾಭಾರತದ ಮೌಸಲಪರ್ವಕ್ಕಿಂತ ತಕ್ಕ ಉತ್ತರವಿಲ್ಲ. ಸಾಂಬನಿಗೆ ಬಸುರಿಯ ವೇಷ ತೊಡಿಸಿ ಋಷಿಗಳನ್ನು ಹಾಸ್ಯಮಾಡಿದ ಯಾದವ ತರುಣರಿಗೆ ಶಾಪವಾಗಿ ಕಬ್ಬಿಣದ ಒನಕೆಯೊಂದು ಹುಟ್ಟಿತು. ಅದನ್ನು ಏನು ಮಾಡುವುದೆಂದು ತಿಳಿಯದೆ ಯಾದವರು ಪುಡಿಪುಡಿಮಾಡಿ ಕಡಲಿಗೆ ಎರಚಿ ನಿಶ್ಚಿಂತರಾದರು. ಪುರಾಣಗಳು ಮುಂದಿನದನ್ನು ಹೇಳುತ್ತವೆ: ಅಲೆಗಳು ಆ ಪುಡಿಯನ್ನು ದಡಕ್ಕೆ ತಂದುವು, ಅದು ಜೊಂಡಾಗಿ ಬೆಳೆಯಿತು, ಆ ಜೊಂಡೇ ಯಾದವರು ಒಬ್ಬರನ್ನೊಬ್ಬರು ಬಡಿದು ಕೊಲ್ಲುವ ಆಯುಧವಾಯಿತು, ಅರೆಯದೆ ಉಳಿದ ಒಂದು ತುಣುಕನ್ನು ಮೀನು ನುಂಗಿತು, ಮೀನು ಬಲೆಗೆ ಬಿತ್ತು, ಅದರ ಹೊಟ್ಟೆಯ ಕಬ್ಬಿಣ ಜರನೆಂಬ ಬೇಡನ ಬಾಣದ ಮೊನೆಯಾಯಿತು, ಆ ಬಾಣ ಕೃಷ್ಣನ ಪಾದವನ್ನು ಹೊಕ್ಕಿತು. ಎರಡು ದಾರಿಗಳು, ದಡದ ಸಸ್ಯ ಮತ್ತು ಕಡಲ ಮೀನು. ಇಂದಿನ ವಿಜ್ಞಾನಿ ವಿಷದ ಸಂಚಾರವನ್ನು ಹುಡುಕುವುದೂ ಈ ಎರಡರಲ್ಲಿಯೇ. ಈ ಕತೆಯನ್ನು ಶಾಪದ ಕತೆಯೆಂದು ಕೇಳಿಕೊಂಡು ಬಂದಿದ್ದೇವೆ. ನನಗಾದರೋ ಅದು ವಿಸರ್ಜನೆಯ ಕತೆಯಾಗಿಯೂ ತೋರುತ್ತದೆ. ಒನಕೆ ಹುಟ್ಟಿದ್ದು ಋಷಿಗಳ ಶಾಪದಿಂದ. ಅದನ್ನು ಕಡಲಿಗೆ ಎರಚಿದ್ದು ಯಾದವರ ಬುದ್ಧಿಯಿಂದ.

ಆದರೆ ಪುರಾಣಕ್ಕೂ ನಮ್ಮ ಕಾಲಕ್ಕೂ ಒಂದು ಭೇದವಿದೆ, ಅದು ನಮಗೆ ಅನುಕೂಲವಾದದ್ದಲ್ಲ. ಅಲ್ಲಿ ಎಸೆದ ಕುಲವೇ ಫಲವನ್ನೂ ಉಂಡಿತು. ಮಾಡಿದ್ದುಣ್ಣೋ ಮಹಾರಾಯ ಎಂಬ ನಮ್ಮ ಗಾದೆಗೆ ಅಲ್ಲಿ ಭಂಗವಿಲ್ಲ. ದರ್ಶನಕಾರರು ಕರ್ಮಸಿದ್ಧಾಂತವನ್ನು ಸಮರ್ಥಿಸುವಾಗ, ಮಾಡಿದ್ದರ ಫಲ ಮಾಡಿದವನಿಗೆ ತಪ್ಪಿಹೋಗುವುದನ್ನೂ ಮಾಡದಿದ್ದುದರ ಫಲ ಮಾಡದವನಿಗೆ ಬಂದೊದಗುವುದನ್ನೂ ಕೃತಹಾನಿ, ಅಕೃತಾಭ್ಯಾಗಮವೆಂಬ ಎರಡು ದೋಷಗಳಾಗಿ ಎಣಿಸಿ, ನೀತಿಯುಳ್ಳ ಜಗತ್ತಿನಲ್ಲಿ ಇವು ಇರಕೂಡದೆಂದು ವಾದಿಸಿದರು. ಜಪಾನಿನ ಮಿನಮಾಟದಲ್ಲಿ ಕಾರ್ಖಾನೆಯೊಂದು 1932ರಿಂದ 1968ರವರೆಗೆ ಕೊಲ್ಲಿಗೆ ಬಿಟ್ಟ ಪಾದರಸ, ಮೀನು ಮತ್ತು ಚಿಪ್ಪುಗಳ ಮೂಲಕ ಬೆಸ್ತರ ಮನೆಗಳನ್ನು ಹೊಕ್ಕಿತು. 1956ರಲ್ಲಿ ರೋಗ ಅಧಿಕೃತವಾಗಿ ಪತ್ತೆಯಾದಾಗ, ತಾಯಂದಿರ ಗರ್ಭದಲ್ಲಿದ್ದ ಶಿಶುಗಳೂ ಅದರಿಂದ ಪಾರಾಗಿರಲಿಲ್ಲ. ಗರ್ಭಸ್ಥ ಶಿಶು ಏನನ್ನು ಎಸೆದಿತ್ತು? ಇಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಕಾಸರಗೋಡಿನ ಗೇರುತೋಟಗಳ ಮೇಲೆ ಎರಡು ದಶಕಗಳಿಗೂ ಮಿಕ್ಕಿ, 2000ದವರೆಗೆ, ಆಕಾಶದಿಂದ ಸುರಿದ ಎಂಡೋಸಲ್ಫಾನ್ ಎಂಬ ಕೀಟನಾಶಕ ತುಳು ಕನ್ನಡ ಮಲೆಯಾಳಗಳನ್ನಾಡುವ ಹಳ್ಳಿಗಳ ಮಕ್ಕಳನ್ನು ಏನು ಮಾಡಿತೆಂಬುದು ನಮಗೆಲ್ಲ ತಿಳಿದಿದೆ. ನಮ್ಮ ಉಡುಪಿ ಜಿಲ್ಲೆಯಲ್ಲಿಯೂ ಸಂತ್ರಸ್ತರೆಂದು ಸರ್ಕಾರವೇ ಗುರುತಿಸಿ ಮಾಸಾಶನ ಕೊಡುತ್ತಿರುವ ಕುಟುಂಬಗಳಿವೆ. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ನಿಷೇಧಿಸಿದ ಮೇಲೆಯೂ ಉಳಿದ ದಾಸ್ತಾನು ಬ್ಯಾರೆಲ್ಲುಗಳಲ್ಲಿ ಕಾಸರಗೋಡಿನ ಗೋದಾಮುಗಳಲ್ಲಿ ವರ್ಷಗಟ್ಟಲೆ ಬಿದ್ದುಕೊಂಡಿತ್ತು. ಬಳಸುವುದಕ್ಕೆ ಹೆಲಿಕಾಪ್ಟರು ಸಿಕ್ಕಿತ್ತು; ಬಿಡುವುದಕ್ಕೆ ನೆಲ ಸಿಕ್ಕಲಿಲ್ಲ. ತಾತ್ತ್ವಿಕರು ಅಸಂಭವವೆಂದು ಎಣಿಸಿದ ಅಕೃತಾಭ್ಯಾಗಮವನ್ನು ನಾವು ಸಂಭವವಾಗಿಸಿದ್ದೇವೆ. ಜನ್ಮಾಂತರದ ಲೆಕ್ಕದಿಂದ ಇದಕ್ಕೆ ಸಮಾಧಾನ ಹೇಳುವವರುಂಟು. ಆ ಸಮಾಧಾನವನ್ನು ಎಸೆದವನ ಬಾಯಿಂದ ಕೇಳಲು ನಾನು ಸಿದ್ಧನಿಲ್ಲ.

ಉಗುರುಬಣ್ಣದ ಕುಪ್ಪಿಯನ್ನು ಎಂಡೋಸಲ್ಫಾನಿನ ಬ್ಯಾರೆಲ್ಲಿಗೆ ಸಮಮಾಡುವುದು ಅತಿಯಾದೀತೆಂದು ಯಾರಾದರೂ ಹೇಳಿದರೆ, ಪ್ರಮಾಣದಲ್ಲಿ ಅದು ನಿಜ. ಒಂದು ಜ್ವರಮಾಪಕದಲ್ಲಿ ಇರುವುದು ಒಂದು ಗ್ರಾಮಿನಷ್ಟೋ ಅದಕ್ಕೂ ಕಡಿಮೆಯೋ ಪಾದರಸ. ಒಂದು ಸಿಎಫ್‌ಎಲ್ ದೀಪದಲ್ಲಿ ಕೆಲವು ಮಿಲಿಗ್ರಾಂ. ಆದರೆ ಅಧರ್ಮದ ಸ್ವಭಾವ ಎರಡರಲ್ಲಿಯೂ ಒಂದೇ: ಪ್ರಯೋಜನ ನನಗಿರಲಿ, ಶೇಷ ಯಾರಿಗಾದರೂ ಹೋಗಲಿ ಎಂಬುದು. ಮೂರು ತಾಲೂಕುಗಳ ಮನೆಗಳೆಲ್ಲ ಹಾಗೆ ಎಣಿಸಿದಾಗ ಪ್ರಮಾಣವೂ ಚಿಕ್ಕದಾಗಿ ಉಳಿಯುವುದಿಲ್ಲ.

ಹಾಗಾದರೆ ಗೃಹಸ್ಥನು ಮಾಡತಕ್ಕದ್ದೇನು? ಮಂಥನದಲ್ಲಿ ಹಾಲಾಹಲ ಹುಟ್ಟಿದಾಗ ಶಿವನು ಅದನ್ನು ನುಂಗಲಿಲ್ಲ, ಉಗುಳಲೂ ಇಲ್ಲ. ಕಂಠದಲ್ಲಿ ತಡೆದು ನಿಲ್ಲಿಸಿದನು. ತಕ್ಕ ನೆಲೆ ದೊರೆಯುವವರೆಗೆ ವಿಷವನ್ನು ತಡೆದು ನಿಲ್ಲಿಸುವುದೇ ನಮ್ಮ ಪಾಲಿನ ಮೊದಲ ಕರ್ತವ್ಯ. ಉಗುರುಬಣ್ಣವನ್ನು ಮೋರಿಗೆ ಸುರಿಯದೆ, ಒಲೆಗೆ ಹಾಕದೆ, ಮುಚ್ಚಳವನ್ನು ಬಿಗಿಮಾಡಿ ಅದರ ಕುಪ್ಪಿಯಲ್ಲಿಯೇ ಇಡುವುದು. ಬಳಸಬಹುದಾದುದಿದ್ದರೆ ಬಳಸುವವರಿಗೆ ಕೊಟ್ಟುಬಿಡುವುದು, ಮುಂದೆ ಬೇಕಾದಷ್ಟನ್ನೇ ತರುವುದು. ಟ್ಯೂಬ್‌ಲೈಟನ್ನು ಅದರ ರಟ್ಟಿನ ಕೊಳವೆಯಲ್ಲಿ ಸೇರಿಸಿ ಒಡೆಯದಂತೆ ಇಡುವುದು. ಸೂಜಿಗಳನ್ನು ಚುಚ್ಚಿ ಹೊರಬರಲಾರದ ಗಟ್ಟಿಯಾದ ಡಬ್ಬದಲ್ಲಿ ಹಾಕಿ ಹೊರಗೆ ಹೆಸರು ಬರೆಯುವುದು. ಜ್ವರಮಾಪಕ ಒಡೆದರೆ ಮಕ್ಕಳನ್ನು ಹೊರಗೆ ಕಳುಹಿಸಿ, ಕಿಟಕಿಗಳನ್ನು ತೆರೆದು, ಕೈಯ ಚಿನ್ನದ ಬಳೆ ಉಂಗುರಗಳನ್ನು ಮೊದಲು ತೆಗೆದಿಡಬೇಕು, ಯಾಕೆಂದರೆ ಪಾದರಸ ತಗುಲಿದ ಚಿನ್ನ ಬೆಳ್ಳಗಾಗಿ ಕೆಡುತ್ತದೆ. ಕಸಬರಿಗೆಯಿಂದ ಗುಡಿಸಿದರೆ ಹನಿಗಳು ಇನ್ನಷ್ಟು ಚೂರಾಗಿ ಹರಡುವುದರಿಂದ, ಎರಡು ಗಟ್ಟಿ ಕಾಗದಗಳಿಂದ ಅವನ್ನು ಕೂಡಿಸಿ, ಗಾಜಿನ ಕುಪ್ಪಿಯೊಂದರಲ್ಲಿ ತುಂಬಿ ಬಿಗಿಯಾಗಿ ಮುಚ್ಚಬೇಕು. ಕೀಟನಾಶಕದ ಬಾಟಲಿಯನ್ನು ತೋಡಿನಲ್ಲಿ ತೊಳೆಯಬಾರದು. ಇವನ್ನೆಲ್ಲ ಮಕ್ಕಳ ಕೈಗೆ ಎಟುಕದ, ಬೆಂಕಿಯಿಂದ ದೂರವಾದ ಒಂದು ಪೆಟ್ಟಿಗೆಯಲ್ಲಿ ಕೂಡಿಟ್ಟರೆ ನಮ್ಮ ಪಾಲಿನ ಪ್ರತಿಪತ್ತಿ ಅರ್ಧವಾದಂತಾಯಿತು.

ಉಳಿದರ್ಧ ಸರ್ಕಾರದ್ದು, ಮತ್ತು ಅದನ್ನು ಕೇಳಿ ಪಡೆಯುವುದು ನಮ್ಮದು. 2016ರ ಘನತ್ಯಾಜ್ಯ ನಿರ್ವಹಣೆಯ ನಿಯಮಗಳು ಬಣ್ಣದ ಡಬ್ಬ, ಕೀಟನಾಶಕದ ಪಾತ್ರೆ, ಸಿಎಫ್‌ಎಲ್ ಬಲ್ಬು, ಟ್ಯೂಬ್‌ಲೈಟು, ಅವಧಿ ಮೀರಿದ ಔಷಧ, ಒಡೆದ ಪಾದರಸದ ಜ್ವರಮಾಪಕ, ಬಳಸಿದ ಬ್ಯಾಟರಿ, ಸೂಜಿಗಳನ್ನು ಗೃಹೋತ್ಪನ್ನ ಅಪಾಯಕಾರಿ ತ್ಯಾಜ್ಯವೆಂದು ಹೆಸರಿಸಿ, ಮನೆಯವರು ಅದನ್ನು ಹಸಿ ಕಸ ಒಣ ಕಸಗಳಿಂದ ಬೇರೆಯಾಗಿಡಬೇಕೆಂದೂ, ಸ್ಥಳೀಯ ಸಂಸ್ಥೆಗಳು ನಗರ ಪಟ್ಟಣಗಳಲ್ಲಿ ಪ್ರತಿ 20 ಚದರ ಕಿಲೋಮೀಟರಿಗೆ ಒಂದರಂತೆ ಅದಕ್ಕಾಗಿ ಸಂಗ್ರಹಕೇಂದ್ರವನ್ನು ತೆರೆದು ವೇಳೆಯನ್ನು ಪ್ರಕಟಿಸಬೇಕೆಂದೂ ವಿಧಿಸಿದುವು. ಅಲ್ಲಿಂದ ಮುಂದೆ ಅದನ್ನು ಬೆಂಗಳೂರಿನ ಬಳಿಯ ದಾಬಸ್‌ಪೇಟೆಯಲ್ಲಿರುವಂಥ ಅಪಾಯಕಾರಿ ತ್ಯಾಜ್ಯದ ಘಟಕಕ್ಕೆ ಕಳುಹಿಸುವುದು ಮನೆಯವನಿಂದ ಆಗತಕ್ಕ ಕೆಲಸವಲ್ಲ. ಆದುದರಿಂದ ಕುಂದಾಪುರದ ಪುರಸಭೆಯವರೂ, ಬೈಂದೂರು ಸಾಲಿಗ್ರಾಮಗಳ ಪಟ್ಟಣ ಪಂಚಾಯತಿಯವರೂ, ಬ್ರಹ್ಮಾವರದ ಸುತ್ತಣ ಗ್ರಾಮ ಪಂಚಾಯತಿಯವರೂ ತಿಂಗಳಿಗೊಂದು ದಿನವನ್ನು ಇದಕ್ಕೆಂದೇ ಗೊತ್ತುಮಾಡಲಿ. ವಿಂಗಡಿಸುವ ಹೆಂಗಸರ ಕೈಗೆ ಗಟ್ಟಿಯಾದ ಗ್ಲೌಸು ಕೊಡಲಿ. ಓದುಗರಾದ ನೀವು ಮುಂದಿನ ಗ್ರಾಮಸಭೆಗೋ ವಾರ್ಡುಸಭೆಗೋ ಹೋಗಿ, ನಮ್ಮ ಮನೆಯ ಅಪಾಯಕಾರಿ ತ್ಯಾಜ್ಯವನ್ನು ಎಲ್ಲಿ, ಯಾವ ದಿನ ಒಪ್ಪಿಸಬೇಕೆಂದು ಎದ್ದು ನಿಂತು ಕೇಳಿ; ಬಂದ ಉತ್ತರವನ್ನು ಸಭೆಯ ನಡಾವಳಿಯಲ್ಲಿ ಬರೆಯಿಸಿ.